ನಗರದ ಬಾವಿಯಿಂದ ಬಂದ ರಾಕೆಟ್‌ಗಳು

2018ರ ಜುಲೈ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಅಂತ ಒಂದು ಊರಿದೆ. ಅಲ್ಲಿ ಪಾಳುಬಿದ್ದ ಬಾವಿಯೊಂದನ್ನು ಅಗೆಸುತ್ತಿದ್ದರು. ಮೇಲೆ ಬಂದ ಮಣ್ಣು ಸಿಡಿಮದ್ದಿನ ವಾಸನೆ ಹೊಡೆಯುತ್ತಿತ್ತು. ಪುರಾತತ್ವ ಇಲಾಖೆಯವರು ಇನ್ನೂ ಕೆಳಕ್ಕೆ ಹೋದರು. ರಾಶಿ ರಾಶಿ ಕಬ್ಬಿಣದ ಕೊಳವೆಗಳು ಸಿಕ್ಕವು. ತುಕ್ಕು ಹಿಡಿದಿದ್ದವು, ಒಂದೊಂದೂ ಸುಮಾರು ಒಂದು ಗೇಣು ಉದ್ದ. ಎಣಿಸಿದರೆ ಸಾವಿರಕ್ಕೂ ಜಾಸ್ತಿ.

ಅವು ಹೈದರಾಲಿ, ಟಿಪ್ಪು ಸುಲ್ತಾನರ ಕಾಲದ ಯುದ್ಧದ ರಾಕೆಟ್‌ಗಳು. ಈ ಊರು ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರ್ ಇದನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಮುಂದೆ ಬರೀ ನಗರ ಅಂತಲೇ ಉಳಿಯಿತು. 2002ರಲ್ಲೂ ಇಲ್ಲಿನ ಬಾವಿಯಲ್ಲಿ ಇಂಥವೇ ನೂರೈವತ್ತಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದ್ದವು.

ರಾಕೆಟ್ ಅಂದರೆ ನಮಗೆ ಶ್ರೀಹರಿಕೋಟ ನೆನಪಾಗುತ್ತದೆ, ಇಲ್ಲವೇ ಅಮೆರಿಕ, ರಷ್ಯಾ. ಆದರೆ ಅದರ ಕಥೆಯಲ್ಲಿ ಒಂದು ದೊಡ್ಡ ತಿರುವು ಆಗಿದ್ದು ನಮ್ಮ ಕಮ್ಮಾರಸಾಲೆಗಳಲ್ಲಿ. ಆ ತಿರುವು ಮದ್ದಿನದ್ದಲ್ಲ, ಮದ್ದು ತುಂಬುವ ಕೊಳವೆಯದ್ದು.

ಮದ್ದು ಹಳೆಯದು. ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರನ್ನು ಬೆರೆಸಿದರೆ ಭಗ್ಗನೆ ಉರಿಯುತ್ತದೆ ಅಂತ ಚೀನಾದವರು ಸಾವಿರ ವರ್ಷಕ್ಕೂ ಹಿಂದೆಯೇ ಕಂಡುಕೊಂಡರು. 13ನೇ ಶತಮಾನದ ಹೊತ್ತಿಗೆ ಅಲ್ಲಿ ಯುದ್ಧಕ್ಕೆ ಬೆಂಕಿಬಾಣಗಳು ಬಂದಿದ್ದವು. ಮಂಗೋಲರ ದಂಡಯಾತ್ರೆಗಳ ಜೊತೆ ಈ ವಿದ್ಯೆ ಪಶ್ಚಿಮಕ್ಕೂ ಹರಡಿತು. ನಮ್ಮಲ್ಲಿ ಅದು ಹಬ್ಬದ ಮೋಜೂ ಆಗಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಹಾನವಮಿಯ ಬಾಣಬಿರುಸುಗಳ ಬಗ್ಗೆ ಬರೆದಿದ್ದಾನೆ.

ದೀಪಾವಳಿಯ ರಾಕೆಟ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಕಾಗದದ ಕೊಳವೆ, ಒಳಗೆ ಒತ್ತಿ ತುಂಬಿದ ಮದ್ದು, ಕೆಳಗೆ ಸಣ್ಣ ತೂತು, ಪಕ್ಕಕ್ಕೆ ಉದ್ದನೆ ಕಡ್ಡಿ. ಮದ್ದು ಉರಿದಾಗ ಬಿಸಿ ಹೊಗೆ ತೂತಿನಿಂದ ರಭಸವಾಗಿ ಕೆಳಕ್ಕೆ ನುಗ್ಗುತ್ತದೆ, ಆ ರಭಸವೇ ಕೊಳವೆಯನ್ನು ಮೇಲಕ್ಕೆ ತಳ್ಳುತ್ತದೆ. ಕಡ್ಡಿ ಸುಮ್ನೆ ಇಟ್ಟಿದ್ದಲ್ಲ. ಗಾಳಿಪಟಕ್ಕೆ ಬಾಲ ಇದ್ದ ಹಾಗೆ, ಅದಿಲ್ಲದಿದ್ದರೆ ರಾಕೆಟ್ ಗಿರಗಿರ ತಿರುಗಿ ಎಲ್ಲೋ ಹೋಗಿ ಬೀಳುತ್ತದೆ.

ಒಳಗೆ ಒತ್ತಡ ಹೆಚ್ಚಿದಷ್ಟೂ ಹೊಗೆಯ ರಭಸ ಹೆಚ್ಚು, ರಾಕೆಟ್ ಹೋಗುವ ದೂರವೂ ಹೆಚ್ಚು. ಆದರೆ ಕಾಗದ, ಬಿದಿರು ಎಷ್ಟು ಒತ್ತಡ ತಡೆದಾವು? ಸ್ವಲ್ಪ ಹೆಚ್ಚಾದರೂ ಕೊಳವೆಯೇ ಸಿಡಿಯುತ್ತದೆ. ನೂರಾರು ವರ್ಷ ರಾಕೆಟ್ ಇಲ್ಲೇ ಸಿಕ್ಕಿಕೊಂಡಿತ್ತು.

ಮೈಸೂರಿನವರು ಕೊಳವೆಯನ್ನು ಕಬ್ಬಿಣದಲ್ಲಿ ಮಾಡಿದರು. ಬಡಿದು ತೆಳ್ಳಗೆ ಮಾಡಿದ ತಗಡನ್ನು ಸುತ್ತಿ, ಒಂದು ತುದಿ ಮುಚ್ಚಿ, ಮದ್ದು ತುಂಬಿ, ಚರ್ಮದ ಪಟ್ಟಿಯಿಂದ ಉದ್ದನೆ ಬಿದಿರಿಗೆ ಬಿಗಿದು ಕಟ್ಟುತ್ತಿದ್ದರು. ಕೆಲವಕ್ಕೆ ಬಿದಿರಿನ ಬದಲು ಕತ್ತಿಯ ಅಲಗೇ ಇರುತ್ತಿತ್ತು. ಇವು ಸುಮಾರು ಒಂದು ಕಿಲೋಮೀಟರ್ ಹಾರುತ್ತಿದ್ದವು, ದೊಡ್ಡವು ಇನ್ನೂ ದೂರ. ಆಗ ಯುರೋಪಿನ ಯಾವ ಸೈನ್ಯದ ಹತ್ತಿರವೂ ಇಂಥದ್ದು ಇರಲಿಲ್ಲ. ಟಿಪ್ಪುವಿನ ಕಾಲಕ್ಕೆ ಸೈನ್ಯದ ಒಂದೊಂದು ಕುಶೂನಿಗೂ, ಅಂದರೆ ದಳಕ್ಕೂ, 200 ಜನ ರಾಕೆಟ್ ಬಿಡುವವರಿದ್ದರು. ಶತ್ರು ಎಷ್ಟು ದೂರದಲ್ಲಿದ್ದಾನೆ ಅಂತ ಅಂದಾಜು ಮಾಡಿ, ಕೊಳವೆಯನ್ನು ಎಷ್ಟು ಓರೆಗೆ ಹಿಡಿಯಬೇಕು ಅನ್ನೋದನ್ನು ಅವರಿಗೆ ಕಲಿಸಿರುತ್ತಿದ್ದರು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಮೈಸೂರು ಸೈನ್ಯ ಸುತ್ತುಗಟ್ಟಿತು. ಅವರ ಮದ್ದಿನ ಗಾಡಿಗಳೇ ಹೊತ್ತಿ ಸಿಡಿದವು. ರಾಕೆಟ್ ತಾಗಿ ಹೀಗಾಯಿತು ಅಂತ ಹೇಳುವವರು ಬಹಳ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದರೆ ಗೋಡೆ ತುಂಬ ಈ ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕೂತಿರುವ ಬೇಲಿಯನ್ನೂ, ಸಿಡಿಯುತ್ತಿರುವ ಗಾಡಿಯನ್ನೂ ಹುಡುಕಿ ನೋಡಿ. ಹೆಚ್ಚಿನವರು ತೋಟ ನೋಡಿ, ಫೋಟೋ ತೆಗೆದು ಹೊರಟುಬಿಡುತ್ತಾರೆ.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆ ತೋಪಿಗೆ ಒಬ್ಬ ಇಂಗ್ಲಿಷ್ ಕರ್ನಲ್ ತನ್ನ ಪಡೆ ನುಗ್ಗಿಸಿದ. ಕತ್ತಲು, ಗೊತ್ತಿಲ್ಲದ ಜಾಗ, ಮೇಲಿಂದ ರಾಕೆಟ್, ತುಪಾಕಿಯ ಸುರಿಮಳೆ. ಪಡೆ ಚೆದುರಿ ಹಿಂದಕ್ಕೆ ಓಡಿತು. ಆ ಕರ್ನಲ್ ಹೆಸರು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು ಇವನೇ. ಮರುದಿನ ಅವರು ತೋಪನ್ನು ಹಿಡಿದರು, ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಕೋಟೆಯೊಳಗೆ ಬಳಕೆಗೆ ಸಿದ್ಧವಾಗಿದ್ದ 700 ರಾಕೆಟ್, ಇನ್ನೂ ಮದ್ದು ತುಂಬದ 9,000 ಖಾಲಿ ಕೊಳವೆಗಳು ಇಂಗ್ಲಿಷರಿಗೆ ಸಿಕ್ಕವು.

ಅವುಗಳಲ್ಲಿ ಕೆಲವು ಹಡಗು ಹತ್ತಿ ಲಂಡನ್ ಹತ್ತಿರದ ವೂಲಿಚ್ ಶಸ್ತ್ರಾಗಾರಕ್ಕೆ ಹೋದವು. ಇಲ್ಲಿಂದ ಮುಂದಿನದ್ದನ್ನು ಬರೆಯುವಾಗ ನನಗೆ ಮೆಚ್ಚುಗೆ, ಸಂಕಟ ಎರಡೂ ಆಗುತ್ತದೆ. ವಿಲಿಯಂ ಕಾಂಗ್ರೀವ್ ಅನ್ನುವವನು 1804ರ ಸುಮಾರಿಗೆ ಪ್ರಯೋಗ ಶುರುಮಾಡಿದ. ಮದ್ದಿನ ಪಾಕ ಬದಲಿಸಿದ, ಕೊಳವೆಯ ಗಾತ್ರ ಬದಲಿಸಿದ, ಹಾರಿಸಿ ನೋಡಿದ, ಪ್ರತಿಯೊಂದನ್ನೂ ಬರೆದಿಟ್ಟ. ಕೆಲವೇ ವರ್ಷದಲ್ಲಿ ಅವನ ರಾಕೆಟ್ ಸುಮಾರು ಎರಡೂವರೆ ಕಿಲೋಮೀಟರ್ ದಾಟಿತು. 1807ರಲ್ಲಿ ಕೋಪನ್‌ಹೇಗನ್ ಮೇಲೆ ಬಿದ್ದಿದ್ದು ಅವೇ. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಬಿದ್ದಿದ್ದೂ ಅವೇ. ಆ ದೇಶದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್‌ಗಳ ಕೆಂಪು ಬೆಳಕು ಅಂದಿನದ್ದು. ನಮ್ಮ ಕಮ್ಮಾರನ ಅಳತೆ ಅವನ ಕೈಯಲ್ಲಿತ್ತು, ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಕಾಂಗ್ರೀವ್‌ನ ಅಳತೆ ಪುಸ್ತಕದಲ್ಲಿತ್ತು. ಹಾಗಾಗಿ ರಾಕೆಟ್‌ಗೆ ಅವನ ಹೆಸರು ನಿಂತಿತು.

ಬೆಂಗಳೂರಿನ ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಎರಡೂ ಕಡೆಯ ಇತಿಹಾಸವನ್ನು ಹೋಲಿಸಿ ಬರೆದರು. ಅದರ ಬಗ್ಗೆ ತಿಳಿಯಬೇಕು ಅನ್ನುವವರು ಅಲ್ಲಿಂದಲೇ ಶುರುಮಾಡಬೇಕು.

ಆಮೇಲೆ ಫಿರಂಗಿಗಳು ಸುಧಾರಿಸಿದವು. ಗುರಿ ತಪ್ಪುವ ರಾಕೆಟ್ ಮೂಲೆಗೆ ಸೇರಿತು. ಅದನ್ನು ಮತ್ತೆ ಎತ್ತಿಕೊಂಡಿದ್ದು ಯುದ್ಧ ಮಾಡುವವರಲ್ಲ, ಒಬ್ಬ ಮೇಷ್ಟ್ರು. ರಷ್ಯಾದ ಸಣ್ಣ ಊರಿನಲ್ಲಿ ಪಾಠ ಹೇಳುತ್ತಿದ್ದ, ಕಿವಿ ಸರಿಯಾಗಿ ಕೇಳದ ಕಾನ್‌ಸ್ಟಾಂಟಿನ್ ಸಿಯೋಲ್ಕೋವ್‌ಸ್ಕಿ 1903ರಲ್ಲಿ ಲೆಕ್ಕ ಹಾಕಿ ತೋರಿಸಿದ: ಪುಡಿಮದ್ದು ಬಿಟ್ಟು ದ್ರವ ಇಂಧನ ಬಳಸಿದರೆ ಭೂಮಿ ಬಿಟ್ಟು ಹೋಗಬಹುದು. ಅಮೆರಿಕದಲ್ಲಿ ರಾಬರ್ಟ್ ಗೊಡ್ಡಾರ್ಡ್ ಅದೇ ದಾರಿ ಹಿಡಿದ. ಗಾಳಿಯೇ ಇಲ್ಲದ ಕಡೆ ರಾಕೆಟ್ ಯಾವುದನ್ನು ತಳ್ಳುತ್ತದೆ ಅಂತ 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನನ್ನು ಹೀಯಾಳಿಸಿತು. ರಾಕೆಟ್ ಗಾಳಿಯನ್ನು ತಳ್ಳುವುದಿಲ್ಲ, ತನ್ನ ಹೊಗೆಯನ್ನೇ ತಳ್ಳುತ್ತದೆ, ಅಲ್ವಾ? 1926ರ ಮಾರ್ಚ್ 16ರಂದು ಅವನ ಪೆಟ್ರೋಲ್, ದ್ರವ ಆಮ್ಲಜನಕದ ರಾಕೆಟ್ ಎರಡೂವರೆ ಸೆಕೆಂಡ್ ಹಾರಿತು. ಎತ್ತರ ಬರೀ ಹನ್ನೆರಡು ಮೀಟರ್, ಒಂದು ತೆಂಗಿನ ಮರಕ್ಕಿಂತ ಕಮ್ಮಿ. ಪತ್ರಿಕೆ ತಪ್ಪೊಪ್ಪಿಕೊಂಡಿದ್ದು 1969ರ ಜುಲೈನಲ್ಲಿ, ಮನುಷ್ಯ ಚಂದ್ರನ ಕಡೆ ಹೊರಟ ಮಾರನೇ ದಿನ. ಅಷ್ಟು ಹೊತ್ತಿಗೆ ಗೊಡ್ಡಾರ್ಡ್ ತೀರಿಕೊಂಡು ಹತ್ತಿರ ಹತ್ತಿರ 24 ವರ್ಷವಾಗಿತ್ತು.

ನಡುವೆ ಜರ್ಮನಿಯ ವಿ-2 ಬಂತು. ಲಂಡನ್, ಆಂಟ್ವರ್ಪ್ ಮೇಲೆ ಬಿದ್ದ ಈ ಕ್ಷಿಪಣಿಯನ್ನು ಸೆರೆಶಿಬಿರದ ಕೈದಿಗಳಿಂದ ಕಟ್ಟಿಸಿದರು. ಅದು ಬಿದ್ದು ಸತ್ತವರಿಗಿಂತ ಅದನ್ನು ಕಟ್ಟುತ್ತಾ ಸತ್ತವರೇ ಹೆಚ್ಚು. ಮನುಷ್ಯ ಚಂದ್ರನಿಗೆ ಹೋದ ಸಂಭ್ರಮ ಹೇಳುವಾಗ ಇದನ್ನು ಬಿಟ್ಟು ಹೇಳಬಾರದು. ಯಾಕೆಂದರೆ ಅದೇ ವಿ-2 ತಯಾರಿಸಿದ ವರ್ನರ್ ವಾನ್ ಬ್ರೌನ್ ಮುಂದೆ ಮನುಷ್ಯರನ್ನು ಚಂದ್ರನ ಕಡೆ ಹೊತ್ತೊಯ್ದ ಅಮೆರಿಕದ ಸ್ಯಾಟರ್ನ್-5 ರಾಕೆಟ್ ರೂಪಿಸಿದ.

ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ತರಬೇತಿಗೆ ಹೋದ ಭಾರತದ ಯುವಕರಲ್ಲಿ ಅಬ್ದುಲ್ ಕಲಾಂ ಒಬ್ಬರು. ಅಲ್ಲಿನ ಸ್ವಾಗತ ಕೋಣೆಯಲ್ಲಿ ಒಂದು ಯುದ್ಧದ ಚಿತ್ರ ನೇತುಹಾಕಿದ್ದರು. ರಾಕೆಟ್ ಬಿಡುತ್ತಿದ್ದ ಸೈನಿಕರ ಮೈಬಣ್ಣ ಬಿಳಿಯಲ್ಲ. ಹತ್ತಿರ ಹೋಗಿ ನೋಡಿದರೆ ಅದು ಟಿಪ್ಪುವಿನ ಸೈನ್ಯ. 1963ರ ನವೆಂಬರ್ 21ರ ಸಂಜೆ ಕೇರಳದ ತುಂಬಾದಿಂದ ಭಾರತದ ನೆಲದ ಮೊದಲ ಸೌಂಡಿಂಗ್ ರಾಕೆಟ್, ಅಂದರೆ ಮೇಲಿನ ವಾತಾವರಣವನ್ನು ಅಳೆಯುವ ರಾಕೆಟ್, ಮೇಲೆದ್ದಿತು. ನೈಕಿ-ಅಪಾಚೆ ಅನ್ನುವ ಆ ರಾಕೆಟ್ ಅಮೆರಿಕದಿಂದ ತಂದದ್ದು. ನಮ್ಮದೇ ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ್ದು 1980ರ ಜುಲೈ 18ರಂದು. ಅದರ ಯೋಜನಾ ನಿರ್ದೇಶಕರು ಕಲಾಂ ಅವರೇ.