ಪವರ್ ವಿಂಡೋ ಇಲ್ಲದ ಕಾರಿಗೆ ಇನ್ನೂ ಯಾಕೆ ಗಿರಾಕಿ?

ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕಕ್ಕೆ ಹೋಗುವ ಮಾರ್ಗದ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹೊಸ ಎಸ್‌ಯುವಿಗಳಿಗೆ ಬರವಿಲ್ಲ. ಕಾಸರಗೋಡು ಗಲ್ಫ್ ದುಡ್ಡು ಬರುವ ಜಿಲ್ಲೆ, ಅದರಲ್ಲಿ ಆಶ್ಚರ್ಯ ಪಡಲಿಕ್ಕೆ ಏನೂ ಇಲ್ಲ. ಆದರೆ ನಡುನಡುವೆ, ಗುಂಡಿ ಒತ್ತಿದರೆ ಗಾಜು ಇಳಿಯುವ ಪವರ್ ವಿಂಡೋ ಇಲ್ಲದ ಒಂದು ಮಾರುತಿ 800, ಬಣ್ಣ ಮಾಸಿದ ಆಲ್ಟೊ, ಹಿಂದಿನ ಸೀಟು ಬಿಚ್ಚಿ ಅಡಿಕೆ ಗೋಣಿ ತುಂಬಿದ ಓಮ್ನಿ ಬಂದೇ ಬರುತ್ತದೆ. ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ಉತ್ತರ ಸಿದ್ಧ ಇರುತ್ತದೆ: "ಅದರಲ್ಲಿ ಹಾಳಾಗ್ಲಿಕ್ಕೆ ಏನುಂಟು ಮಾರಾಯ್ರೆ!"

ಈ ಮಾತು ಅರ್ಧ ಮಾತ್ರ ನಿಜ. ಹಾಳಾಗಲಿಕ್ಕೆ ಬೇಕಾದಷ್ಟು ಇತ್ತು. ಹಾಳಾದದ್ದನ್ನು ಊರಲ್ಲೇ ಸರಿ ಮಾಡಬಹುದಿತ್ತು, ಅಷ್ಟೆ. ಈ ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

1980ರ ಆಸುಪಾಸಿನಲ್ಲಿ ನಮ್ಮ ದೇಶದಲ್ಲಿ ಕಾರು ಅಂದರೆ ಮುಖ್ಯವಾಗಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ದುಡ್ಡಿದ್ದರೂ ಸಾಲದು, ವರ್ಷಗಟ್ಟಲೆ ಕಾಯಬೇಕಿತ್ತು. ಸಂಜಯ್ ಗಾಂಧಿ 1971ರಲ್ಲಿ ಶುರು ಮಾಡಿದ್ದ ಮಾರುತಿ ಕಂಪನಿ ಜನರ ಕೈಗೆ ಕಾರು ಕೊಡದೆಯೇ ಮುಚ್ಚಿಹೋಗಿತ್ತು. 1981ರಲ್ಲಿ ಸರ್ಕಾರ ಅದನ್ನು ಮಾರುತಿ ಉದ್ಯೋಗ್ ಎಂದು ಹೊಸದಾಗಿ ಕಟ್ಟಿತು. ಮರುವರ್ಷ ಜಪಾನಿನ ಸುಜುಕಿ ಜೊತೆ ಒಪ್ಪಂದ ಆಯಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಎಂಬವರ ಕೈಗೆ ಕೊಟ್ಟರು. ಬೆಲೆ ಸುಮಾರು 50,000 ರೂಪಾಯಿ. ಅದಾಗಿ ಐದು ತಿಂಗಳಿಗೆ, 1984ರ ಮೇ 24ರಂದು, ಕಣ್ಣೂರಿನಿಂದ ಬೇರೆಯಾಗಿ ಕಾಸರಗೋಡು ಜಿಲ್ಲೆ ಹುಟ್ಟಿತು. ಹಾಗಾಗಿ ಜಿಲ್ಲೆಗೂ ಈ ಕಾರಿಗೂ ಹೆಚ್ಚುಕಮ್ಮಿ ಒಂದೇ ಪ್ರಾಯ.

ಆಗ ಇಲ್ಲಿನ ಒಳಊರುಗಳಲ್ಲಿ ಓಡುತ್ತಿದ್ದದ್ದು ಬಸ್ಸು, ಮತ್ತೆ ಜೀಪು. ಬಾಯಾರು, ಎಣ್ಮಕಜೆ, ಅಡೂರು ಕಡೆಯ ಗುಡ್ಡೆ ದಾರಿಗೆ ಜೀಪೇ ಸೈ ಎಂದು ಎಲ್ಲರೂ ನಂಬಿದ್ದರು. ಇಷ್ಟು ಸಣ್ಣ ಕಾರು, ಇಷ್ಟು ಸಣ್ಣ ಚಕ್ರ, ಚರಳುಕಲ್ಲಿನ ಏರು ಹತ್ತುವುದುಂಟಾ ಎಂಬ ಸಂಶಯ ಸಹಜವೇ. ಹತ್ತಿತು. ಕಾರಣ ತೂಕ. 800ರ ತೂಕ ಸುಮಾರು 650 ಕಿಲೋ ಮಾತ್ರ. ಹಾಗಾಗಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, 40 ಅಶ್ವಶಕ್ತಿಯೊಳಗಿನ ಬಲ, ಅಷ್ಟಕ್ಕೇ ಸಾಕಾಯಿತು. ಚರಂಡಿಗೆ ಚಕ್ರ ಇಳಿದರೆ ನಾಲ್ಕು ಜನ ಸೇರಿ ಎತ್ತಿ ಇಡಬಹುದಿತ್ತು. ಇದು ತಮಾಷೆಯ ಮಾತಲ್ಲ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಗಾಡಿ ಓಡಿಸುವವನಿಗೆ ಅದರ ಬೆಲೆ ಗೊತ್ತು.

1984ರ ಕೊನೆಗೆ ಅದೇ ಎಂಜಿನ್ ಇಟ್ಟ ವ್ಯಾನ್ ಬಂತು. ಮುಂದೆ ಅದೇ ಓಮ್ನಿ ಆಯಿತು. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ, ತಳ್ಳುವುದು ಹಿಂದಿನ ಚಕ್ರ. ಏಪ್ರಿಲ್ ಸೆಕೆಗೆ ಸೀಟು ಕೆಳಗಿನಿಂದ ಬಿಸಿಯಾಗುತ್ತಿತ್ತು, ಅದು ಬೇರೆ ಕತೆ. ಆದರೆ ಹಿಂದೆ ಗೋಣಿ ತುಂಬಿದಷ್ಟೂ ಹಿಂದಿನ ಚಕ್ರಕ್ಕೆ ಹಿಡಿತ ಜಾಸ್ತಿ. ಅಡಿಕೆ ಸಾಗಿಸುವವರಿಗೆ, ಮಕ್ಕಳನ್ನು ಶಾಲೆಗೆ ಬಿಡುವವರಿಗೆ, ಕೊನೆಗೆ ಆಂಬುಲೆನ್ಸಿಗೂ ಅದೇ ಗಾಡಿ.

ಈ ಕಾರುಗಳ ಮೇಲಿನ ನಂಬಿಕೆಯ ಬೇರು ಇರುವುದು ಇಲ್ಲೇ. 800ಕ್ಕೂ ಓಮ್ನಿಗೂ ಎಂಜಿನ್ ಒಂದೇ. ಅದೂ ವರ್ಷ ಎರಡು ವರ್ಷದ ಮಾತಲ್ಲ. 2014ರಲ್ಲಿ 800ರ ತಯಾರಿ ನಿಲ್ಲುವ ಹೊತ್ತಿಗೆ 28 ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದಿದ್ದವು. ಒಂದೇ ಬಗೆಯ ಕ್ಲಚ್ ಪ್ಲೇಟ್, ಒಂದೇ ಬಗೆಯ ಗ್ಯಾಸ್ಕೆಟ್ ಇಷ್ಟು ಗಾಡಿಗೆ ಬೇಕಾದಾಗ ಅದನ್ನು ಮಾಡುವವರು ಹತ್ತಾರು ಜನ ಹುಟ್ಟಿಕೊಳ್ಳುತ್ತಾರೆ. ಸಾಮಾನು ಕುಂಬಳೆ, ಉಪ್ಪಳದ ಅಂಗಡಿಗೂ ಬರುತ್ತದೆ. ಒಂದೇ ಎಂಜಿನ್ನನ್ನು ಬಿಚ್ಚಿ ಬಿಚ್ಚಿ ಕೈ ಪಳಗಿದ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಸಿಗುತ್ತಾನೆ. ಕಾರಿನ ಬಾಳಿಕೆ ಅಂದರೆ ಕಬ್ಬಿಣದ ಬಾಳಿಕೆ ಮಾತ್ರ ಅಲ್ಲ ಅಲ್ವಾ, ಈ ಗ್ಯಾರೇಜಿನ ಬಾಳಿಕೆಯೂ ಹೌದು.

ಹಾಗಂತ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇದ್ದ ಹಳೆ ಗಾಡಿ ಕೈಕೊಡುತ್ತಲೇ ಇರಲಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಮಳೆ ಸುರಿಯುವ ಆಟಿ ತಿಂಗಳ ಬೆಳಗ್ಗೆ ಚೋಕ್ ಎಳೆದು, ಕೀಲಿ ತಿರುಗಿಸಿ, ಕಾದು, ಮತ್ತೆ ತಿರುಗಿಸಿದವರಿಗೆ ನೆನಪಿರುತ್ತದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದೊಳಗೆ ತೇವ ಸೇರಿದರೆ ಕಿಡಿ ಪ್ಲಗ್ಗಿಗೆ ತಲುಪುವ ಮೊದಲೇ ಬೇರೆ ದಾರಿ ಹಿಡಿಯುತ್ತದೆ. ಬಾನೆಟ್ ಎತ್ತಬೇಕು, ಎರಡು ಕ್ಲಿಪ್ ಬಿಚ್ಚಬೇಕು, ಒಣ ಬಟ್ಟೆಯಲ್ಲಿ ಒಳಗೆ ಒರೆಸಬೇಕು, ವಯರುಗಳನ್ನೂ ಒರೆಸಬೇಕು. ಪೆಟ್ರೋಲಿನಲ್ಲಿ ಕಸ ಬಂದರೆ ಕಾರ್ಬುರೇಟರಿನ ಜೆಟ್ ಎಂಬ ಸಣ್ಣ ತೂತು ಕಟ್ಟುತ್ತದೆ. ಅದನ್ನು ಬಿಚ್ಚಿ ಬಾಯಲ್ಲಿ ಊದಿದರೆ ಮುಗಿಯಿತು. ಕ್ಲಚ್ ಕೇಬಲ್ ತುಂಡಾಗುವುದು ಮಾಮೂಲಿ, ಅದಕ್ಕೇ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ನೊಂದು ಇರುತ್ತಿತ್ತು. ತೊಂದರೆ ಬರುತ್ತಿತ್ತು, ಆದರೆ ಕಣ್ಣಿಗೆ ಕಾಣುತ್ತಿತ್ತು. ಲೆಕ್ಕ ಹಾಕಿದರೆ ಆಮೇಲೆ ಬಂದ ಫ್ಯೂಯಲ್ ಇಂಜೆಕ್ಷನ್ ಕಾರುಗಳು ಎಷ್ಟೋ ಮೇಲು. 2000ದಲ್ಲಿ ಬಂದ ಆಲ್ಟೊಗೆ ಚೋಕೂ ಇಲ್ಲ, ಕಾರ್ಬುರೇಟರೂ ಇಲ್ಲ, ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. 2004ರ ಹೊತ್ತಿಗೆ ಮಾರಾಟದಲ್ಲಿ ಅದು 800ನ್ನೇ ಹಿಂದೆ ಹಾಕಿತು.

ಕಡಿಮೆ ಬೆಲೆಯೇ ಎಲ್ಲವೂ ಆಗಿದ್ದರೆ ಇವತ್ತು ಊರು ತುಂಬ ನ್ಯಾನೋ ಇರಬೇಕಿತ್ತು. ರತನ್ ಟಾಟಾ 2008ರ ಜನವರಿಯಲ್ಲಿ ಅದನ್ನು ತೋರಿಸಿದಾಗ ಆಸೆಪಡದವರು ಯಾರು? ಸ್ಕೂಟರಿನಲ್ಲಿ ನಾಲ್ಕು ಜನ ನೆನೆಯುತ್ತಾ ಹೋಗುವ ಸಂಸಾರಕ್ಕೆ ಒಂದು ಲಕ್ಷದ ಕಾರು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಜಮೀನಿನ ಬಗ್ಗೆ ಆದ ಗಲಾಟೆಯಿಂದ ಕಾರ್ಖಾನೆ ಗುಜರಾತಿನ ಸಾಣಂದಕ್ಕೆ ಹೋಯಿತು. ಆದರೂ 2009ರಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಬುಕಿಂಗ್ ಬಂತು. ಖರ್ಚು ಉಳಿಸಿದ ಬಗೆ ನೋಡಿದರೆ ಎಂಜಿನಿಯರುಗಳಿಗೆ ಕೈ ಮುಗಿಯಬೇಕು. ಚಕ್ರಕ್ಕೆ ಮೂರೇ ಬೋಲ್ಟು, ಒಂದೇ ವೈಪರ್, ಹಿಂದೆ 624 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಮೊದಲು ಬಂದ ಗಾಡಿಗಳಲ್ಲಿ ಹಿಂದಿನ ಬಾಗಿಲೇ ತೆರೆಯುತ್ತಿರಲಿಲ್ಲ, ಸಾಮಾನು ಇಡಬೇಕಾದರೆ ಹಿಂದಿನ ಸೀಟು ಮಡಚಬೇಕು. ಅಡಿಕೆ ಗೋಣಿ ಹಾಕುವವನಿಗೆ ಅಲ್ಲಿಗೇ ಮುಗಿಯಿತು.

ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಬೇರೆ ಬಂತು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು 'ಅಗ್ಗದ ಕಾರು' ಎಂಬ ಹೆಸರು. ಹಾಗೆ ಪ್ರಚಾರ ಮಾಡಿದ್ದು ತಪ್ಪಾಯಿತು ಎಂದು ಟಾಟಾ ಅವರೇ ಆಮೇಲೆ ಹೇಳಿದರು. ನಮ್ಮಲ್ಲಿ ಹಳೆ 800 ಇಟ್ಟುಕೊಂಡರೆ ಲೆಕ್ಕ ಗೊತ್ತಿರುವ ಜನ ಅನ್ನಿಸಿಕೊಳ್ಳಬಹುದು, ಹೊಸ ನ್ಯಾನೋ ತಂದರೆ ದುಡ್ಡು ಸಾಲಲಿಲ್ಲ ಅನ್ನುತ್ತಿದ್ದರು. ಮದುವೆ ಮನೆಯ ಅಂಗಳಕ್ಕೆ ಹೋಗುವ ಗಾಡಿ ಅಲ್ವಾ. 2018ರ ಹೊತ್ತಿಗೆ ಅದರ ತಯಾರಿ ನಿಂತೇಹೋಯಿತು. ನಿಸಾನ್ ಕಂಪನಿಯ ಅಗ್ಗದ ಬ್ರಾಂಡ್ ದಟ್ಸನ್ ಕತೆ ಇನ್ನೂ ಚಿಕ್ಕದು: 2014ರಲ್ಲಿ 'ಗೋ' ತಂದರು, 2022ರಲ್ಲಿ ಬಾಗಿಲು ಹಾಕಿದರು. ರೆನೋ ಕ್ವಿಡ್ ಮಾತ್ರ ನೋಟದಿಂದ ಗೆದ್ದಿತು.

ಇನ್ನು ಯಾರೂ ಖುಷಿಯಿಂದ ಮಾತಾಡದ ವಿಷಯ. 650 ಕಿಲೋ ತೂಕ ಏರು ಹತ್ತಲಿಕ್ಕೆ ಒಳ್ಳೆಯದು, ಢಿಕ್ಕಿಗೆ ಅಲ್ಲ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಬೇಸಿಕ್ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಆಲ್ಟೊ 800, ನ್ಯಾನೋ, ಐ10, ಫಿಗೊ, ಪೋಲೊ, ದೊಡ್ಡವರ ಸುರಕ್ಷತೆಯಲ್ಲಿ ಐದಕ್ಕೂ ಸೊನ್ನೆ. ಏರ್‌ಬ್ಯಾಗ್ ಇರಲಿಲ್ಲ ಎಂಬುದು ಒಂದು ಕಾರಣವಾದರೆ, ಕೆಲವು ಕಾರುಗಳಲ್ಲಿ ಜನ ಕೂರುವ ಗೂಡೇ ಕುಸಿದಿತ್ತು ಎಂಬುದು ಇನ್ನೊಂದು. 'ಹಾಳಾಗಲಿಕ್ಕೆ ಏನೂ ಇಲ್ಲ' ಎಂದು ನಾವು ಹೊಗಳುತ್ತಿದ್ದ ಕಾರಿನಲ್ಲಿ ಕಾಪಾಡಲಿಕ್ಕೂ ಏನೂ ಇರಲಿಲ್ಲ.

ಆಮೇಲೆ ನಿಯಮಗಳು ಒಂದರ ಹಿಂದೆ ಒಂದು ಬಂದವು. 2019ರಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್, ಚಾಲಕನಿಗೆ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕದಿದ್ದರೆ ಕಿರುಚುವ ಬಜರ್. ಓಮ್ನಿ ನಿಂತದ್ದು ಅದೇ ವರ್ಷ. 2020ರ ಏಪ್ರಿಲ್‌ನಿಂದ ಹೊಗೆ ಕಡಿಮೆ ಮಾಡುವ ಬಿಎಸ್ 6 ನಿಯಮ. ಅದರ ಎರಡನೆಯ ಹಂತ 2023ರಲ್ಲಿ ಬಂದಾಗ ಆಲ್ಟೊ 800 ಕೂಡ ಹೋಯಿತು, ಉಳಿದದ್ದು ಆಲ್ಟೊ ಕೆ10. ಪ್ರತಿ ನಿಯಮವೂ ಬೇಕಾದದ್ದೇ, ಪ್ರತಿಯೊಂದೂ ಬೆಲೆ ಏರಿಸಿದ್ದೂ ಹೌದು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಎಲ್ಲಕ್ಕಿಂತ ಕೆಳಗಿನ ಮಾದರಿಗಳು 3.5 ಲಕ್ಷದ ಆಸುಪಾಸಿಗೆ ಬಂದಿವೆ. ಅದರ ಮೇಲೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಬೇರೆ.

ಹಾಗಾಗಿ ನಮ್ಮ ಕಡೆ ಬಹಳಷ್ಟು ಜನರ ಮೊದಲ ಕಾರು ಸೆಕೆಂಡ್ ಹ್ಯಾಂಡೇ. ಅದರಲ್ಲಿ ಗಡಿನಾಡಿನ ಒಂದು ಪೇಚು ಉಂಟು. ಮಂಗಳೂರಿನಲ್ಲಿ ಕರ್ನಾಟಕ ನೋಂದಣಿಯ ಒಳ್ಳೆ ಕೆಎ 19 ಗಾಡಿ ಕಂಡರೆ ಸುಮ್ನೆ ತಂದು ಇಟ್ಟುಕೊಳ್ಳುವ ಹಾಗಿಲ್ಲ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಹೊಸ ನೋಂದಣಿ ಮಾಡಿಸಬೇಕು, ಅದಕ್ಕೆ ಅಲ್ಲಿಂದ ಆಕ್ಷೇಪ ಇಲ್ಲ ಎಂಬ ಪತ್ರ ಅಂದರೆ ಎನ್‌ಒಸಿ, ಇಲ್ಲಿ ಮತ್ತೆ ತೆರಿಗೆ. ತಲಪಾಡಿಯ ಆಚೆ ಹತ್ತು ಸಾವಿರ ಕಡಿಮೆಗೆ ಸಿಕ್ಕಿತು ಎಂದು ತಂದವರು ಅದನ್ನೆಲ್ಲ ಕೂಡಿಸಿ ನೋಡಿದರೆ ಮುಖ ಸಪ್ಪೆಯಾಗುತ್ತದೆ.

ಹಳೆ ಗಾಡಿ ನೋಡುವಾಗ ಎಂಜಿನ್ ಸದ್ದಿಗಿಂತ ಮೊದಲು ಕಾಲ ಕೆಳಗಿನ ಮ್ಯಾಟ್ ಎತ್ತಿ. ಮಂಜೇಶ್ವರ, ಉಪ್ಪಳದ ಕಡಲ ಗಾಳಿಯಲ್ಲಿ ನಿಂತ ಗಾಡಿಯ ತಳ ತುಕ್ಕು ಹಿಡಿದು ಬೆರಳಿಗೆ ಪುಡಿಯಾಗುವುದುಂಟು. ಒಳಊರಿನ ಗಾಡಿಯಾದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಕೆಂಪು ಮಣ್ಣು ಕೂತು ನೀರು ಹಿಡಿದಿಟ್ಟಿರುತ್ತದೆ, ಅಲ್ಲಿ ಸ್ಕ್ರೂಡ್ರೈವರಿನಿಂದ ಒಮ್ಮೆ ತಟ್ಟಿ ನೋಡಿ. ಎಂಜಿನ್ ಕಟ್ಟಿಸಬಹುದು, ತಳ ಕಟ್ಟಿಸುವುದು ದುಡ್ಡು ನುಂಗುವ ಕೆಲಸ.

ಹೊಸ ಸಣ್ಣ ಕಾರು ಸೆನ್ಸರ್ ತುಂಬಿದ್ದು, ಊರಿನ ಗ್ಯಾರೇಜಿಗೆ ಆಗುವುದಿಲ್ಲ ಎಂಬ ಮಾತು ಕೂಡ ಈಗ ಹಳತಾಯಿತು. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಮೊಬೈಲಿನಲ್ಲಿ ಕೋಡ್ ಓದಿ, ಯಾವ ಸೆನ್ಸರ್ ಎಂದು ಹೇಳುವ ಹುಡುಗರು ಸಣ್ಣ ಪೇಟೆಯ ಗ್ಯಾರೇಜುಗಳಲ್ಲೂ ಇದ್ದಾರೆ.

ಹಳೆ ಗಾಡಿಯ ಕಡೆಯ ಲೆಕ್ಕ ಮಾತ್ರ ಬಿಗಿಯಾಗುತ್ತಾ ಇದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 2022ರಲ್ಲಿ 600ರಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ್ದಕ್ಕೆ 2025ರಿಂದ 10,000. ಪಂಪಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು, 800ರ ಕಾಲದ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದವಲ್ಲ, ಬದಲಾಯಿಸಿಕೊಳ್ಳುವುದು ಕ್ಷೇಮ. ಇನ್ನೊಂದು ಕಡೆ ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಲೇನ್ ಆಗಿದೆ. ಹಳೆ ಎರಡು ಲೇನ್ ಮಾರ್ಗದ ಗುಂಡಿಗಳಲ್ಲಿ 40ರ ವೇಗಕ್ಕೆ ಕುಂಟುತ್ತಾ ಹೋಗುತ್ತಿದ್ದ ಆಲ್ಟೊ ಈಗ 90ರಲ್ಲಿ ಓಡುವ ಲಾರಿಗಳ ನಡುವೆ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕು. ಇದನ್ನು ನೋಡಿಯೇ ಕೆಲವು ಮನೆಗಳಲ್ಲಿ ಹಳೆ ಗಾಡಿಯನ್ನು ತೋಟ, ಪೇಟೆ, ಸೊಸೈಟಿಗೆ ಮಾತ್ರ ಇಟ್ಟುಕೊಂಡು, ಹೆದ್ದಾರಿಗೆ ಏರ್‌ಬ್ಯಾಗ್ ಇರುವ ಇನ್ನೊಂದು ಸಣ್ಣ ಕಾರು ತಂದಿದ್ದಾರೆ. ಎರಡು ಇಡುವ ತಾಕತ್ತು ಇಲ್ಲದವರು ಕುಂಬಳೆಯಲ್ಲೇ ರೈಲು ಹತ್ತುತ್ತಾರೆ.