ಕಿಸೆಯಿಲ್ಲದ ಅಂಗಿ

ಮೇ ತಿಂಗಳ ಒಂದು ರಾತ್ರಿ ವಾಕಡ್‌ನ ಪರಿಚಯದ ಮನೆಯಿಂದ ಫೋನ್ ಬಂತು. ವಿಜಯಪುರ ಕಡೆಯವರು, ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಮಗ ಹಿಂಜೆವಾಡಿಯ ಕಂಪನಿಯೊಂದರಲ್ಲಿ ಐದು ವರ್ಷದಿಂದ ಕೆಲಸದಲ್ಲಿದ್ದಾನೆ. "ಅಣ್ಣಾರ, ನೌಕರಿ ಬಿಡ್ತಾನಂತ. ಬಿಟ್ಟು ಒಂದ್ ವರ್ಷ ರೊಕ್ಕಾನ ಮುಟ್ಟಂಗಿಲ್ಲಂತ. ನೀವರ ಒಂದೀಟು ಕೇಳ್ರಿ," ಎಂದರು ತಾಯಿ. ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು.

ಮರುದಿನ ಹುಡುಗ ಚಿಂಚವಾಡದ ನಮ್ಮ ಮನೆಗೇ ಬಂದ. "ಹೊರದೇಶದಾಗ ಮಂದಿ ಮಾಡಿ ತೋರಿಸ್ಯಾರ ಕಾಕಾ," ಎಂದ. ಮಾಡಿ ತೋರಿಸಿದ್ದು ನಿಜ. ಆದರೆ ಈ ಹಾದಿ ಅಲ್ಲಿಂದ ಶುರುವಾದದ್ದಲ್ಲ. ನಮ್ಮ ಮನೆಯಿಂದ ಲೋಣಾವಳಾ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿದರೆ ಒಂದು ಪಕ್ಕಕ್ಕೆ ಭಾಜಾ, ಇನ್ನೊಂದು ಪಕ್ಕಕ್ಕೆ ಕಾರ್ಲಾ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿನ ಗುಹೆಗಳಲ್ಲಿ ಇದ್ದ ಬೌದ್ಧ ಭಿಕ್ಷುಗಳು ದುಡ್ಡು ಮುಟ್ಟದವರು.

ಬುದ್ಧನ ವಿನಯ, ಎಂದರೆ ಭಿಕ್ಷುಗಳ ಶಿಸ್ತಿನ ನಿಯಮ, ಈ ವಿಷಯದಲ್ಲಿ ಬಿಗಿಯಾಗಿದೆ. ಭಿಕ್ಷು ಬಂಗಾರ ಬೆಳ್ಳಿ ತಗೊಳ್ಳುವಂತಿಲ್ಲ, ತನಗಾಗಿ ಬೇರೆಯವರ ಕೈಯಲ್ಲಿ ತಗೊಳ್ಳಿಸುವಂತೆಯೂ ಇಲ್ಲ. ಆದರೆ ಬುದ್ಧ ತೀರಿಕೊಂಡು ಸುಮಾರು 100 ವರ್ಷಕ್ಕೆ ವೈಶಾಲಿಯಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ಉಪೋಸಥ ಎಂಬ ವ್ರತದ ದಿನ ಅಲ್ಲಿನ ಭಿಕ್ಷುಗಳು ಕಂಚಿನ ಪಾತ್ರೆಯಲ್ಲಿ ನೀರು ತುಂಬಿ ನಡುವೆ ಇಟ್ಟು, ಸಂಘದ ಖರ್ಚಿಗೆ ಕಾರ್ಷಾಪಣ ನಾಣ್ಯ ಹಾಕಿ ಎಂದು ಊರವರನ್ನು ಕೇಳುತ್ತಿದ್ದರು. ಯಶ ಎಂಬ ಭಿಕ್ಷು ಹೊರಗಿನಿಂದ ಬಂದವನು. ಅವನಿಗೂ ಪಾಲು ಕೊಡಲು ಹೋದರು, ಬೇಡವೆಂದ. ಅಲ್ಲಿಂದ ಬೆಳೆದ ವಿವಾದವೇ ಎರಡನೆಯ ಬೌದ್ಧ ಸಂಗೀತಿ, ಎಂದರೆ ಭಿಕ್ಷುಗಳ ಮಹಾಸಭೆಯವರೆಗೆ ಹೋಯಿತು. ಅಲ್ಲಿ ಚರ್ಚೆಗೆ ಬಂದ ಹತ್ತು ಅಂಶಗಳಲ್ಲಿ ಹಣ ತಗೊಳ್ಳಬಹುದೇ ಎಂಬುದೂ ಒಂದು. ತಗೊಳ್ಳಬಾರದು ಎಂದೇ ತೀರ್ಮಾನವಾಯಿತು.

ತೀರ್ಮಾನವಾದ ಮೇಲೆ ಹಣ ಎಲ್ಲಿ ಹೋಯಿತು ಎನ್ನುವುದನ್ನು ಮುಂಬೈಯ ಕನ್ಹೇರಿಯಲ್ಲಿ ನೋಡಬೇಕು. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ನೂರಕ್ಕೂ ಹೆಚ್ಚು ಗುಹೆಗಳು. ಅಲ್ಲಿನ ಹಲವು ಶಾಸನಗಳಲ್ಲಿ ಬರುವ ಮಾತು 'ಅಕ್ಷಯನೀವಿ', ಎಂದರೆ ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವ ದತ್ತಿ. ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೆಯ ಶತಮಾನದ ಶಾಸನಗಳೂ ಅಲ್ಲಿವೆ. ಗೌಡ ದೇಶದಿಂದ (ಬಂಗಾಳ) ಬಂದ ಉಪಾಸಕನೊಬ್ಬ ಭಿಕ್ಷುಗಳ ಬಟ್ಟೆಗೆಂದು ದ್ರಮ್ಮ ನಾಣ್ಯಗಳ ದತ್ತಿ ಬಿಟ್ಟಿದ್ದಾನೆ. ಭಿಕ್ಷುವಿನ ಕೈ ನಾಣ್ಯ ಮುಟ್ಟಲಿಲ್ಲ ಸರಿ, ನಾಣ್ಯ ಮಾತ್ರ ಬೇರೆಯವರ ಕೈಯಲ್ಲಿ ಅವನಿಗಾಗಿ ದುಡಿಯುತ್ತಲೇ ಇತ್ತು. ಇದನ್ನು ನಾನು ದೂಷಣೆಗೆ ಹೇಳುತ್ತಿಲ್ಲ. ದುಡ್ಡು ಬಿಟ್ಟು ಬದುಕುವ ಪ್ರತಿಯೊಬ್ಬರ ಹಿಂದೆಯೂ ದುಡ್ಡು ಹಿಡಿದ ಕೈಯೊಂದು ಇದ್ದೇ ಇರುತ್ತದೆ. ಆ ಕೈ ಯಾರದ್ದು, ಅದಕ್ಕೆ ಬದಲಾಗಿ ಏನು ಸಲ್ಲುತ್ತದೆ ಎಂಬುದೇ ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಪ್ರಶ್ನೆ.

ಆ ಕೈಯನ್ನು ನಾನು ಹತ್ತಿರದಿಂದ ಕಂಡದ್ದು ಬೋರಿವಲಿಯಲ್ಲೇ, ಬೆಳಗಾವಿ ಕಡೆಯ ಜೈನ ಸ್ನೇಹಿತರೊಬ್ಬರ ಮನೆಯಲ್ಲಿ. ಚಾತುರ್ಮಾಸದ ದಿನಗಳು, ದಿಗಂಬರ ಮುನಿಗಳ ಆಹಾರದ ಹೊತ್ತು. ಗಂಡ ಹೆಂಡತಿ ಇಬ್ಬರೂ ಮಡಿಯುಟ್ಟು ತೆಂಗಿನಕಾಯಿ ಇಟ್ಟ ಕಲಶ ಹಿಡಿದು ಬಾಗಿಲಲ್ಲಿ ನಿಂತು "ನಮೋಸ್ತು ನಮೋಸ್ತು, ತಿಷ್ಠ ತಿಷ್ಠ" ಎಂದು ಕರೆದರು. ಮುನಿಗಳು ನಿಂತೇ, ಎರಡೂ ಅಂಗೈ ಜೋಡಿಸಿದ ಬೊಗಸೆಯಲ್ಲಿ ತುತ್ತು ತಗೊಂಡರು. ತಟ್ಟೆಯಿಲ್ಲ, ಲೋಟವಿಲ್ಲ. ಕಾಸಿ ಆರಿಸಿದ ನೀರೂ ಅದೇ ಬೊಗಸೆಗೆ. ದಿನಕ್ಕೆ ಒಂದೇ ಸಲ. ನಾಲ್ಕನೆಯ ತುತ್ತಿಗೋ ಐದನೆಯದಕ್ಕೋ ಅನ್ನದಲ್ಲಿ ಒಂದು ಕೂದಲೆಳೆ ಕಂಡಿತು. ಕೈ ಬಿಟ್ಟರು. ಅಂತರಾಯ, ಎಂದರೆ ಆಹಾರಕ್ಕೆ ಅಡ್ಡಿ. ಅವತ್ತಿಗೆ ಅಷ್ಟೇ, ಮುಂದಿನದು ಮರುದಿನ. ನವಿಲುಗರಿಯ ಪಿಂಛಿ, ಕಮಂಡಲು ಎತ್ತಿಕೊಂಡು ಅವರು ಹೊರಟರೆ ಮನೆಯೊಡತಿ ಅಡುಗೆಮನೆಯ ಗೋಡೆಗೆ ಒರಗಿ ಅತ್ತರು. ಈ ಕಾಲದಲ್ಲಿ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ಬೆಳಗಾವಿ ಜಿಲ್ಲೆಯ ಭೋಜದವರು. 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಅವರ ಹಾದಿಯಲ್ಲಿ ಕೊಡುವವರ ಮನೆಯೂ ವ್ರತದಲ್ಲಿ ಅರ್ಧ ಪಾಲುದಾರ ಎಂಬುದು ಅವತ್ತು ನನಗೆ ಗೊತ್ತಾಯಿತು.

ಕನ್ನಡದ ಶರಣರು ಮಾತ್ರ ಇದಕ್ಕೆ ಬೇರೆಯದೇ ತಿರುವು ಕೊಟ್ಟರು. 12ನೆಯ ಶತಮಾನದ ಕಲ್ಯಾಣದಲ್ಲಿ ಬೇಡುವುದೇ ಒಪ್ಪಿತವಲ್ಲ. ಕಾಯಕ ಮಾಡು, ಬಂದದ್ದನ್ನು ದಾಸೋಹಕ್ಕೆ ಕೊಡು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಲೆ ಹಚ್ಚಲಿಲ್ಲ. ನಮಗೆ ಸಾಲುವಷ್ಟು ಇಟ್ಟು ಉಳಿದದ್ದನ್ನು ತಂದಲ್ಲೇ ಸುರಿದು ಬಾ ಎಂದಳು. ದುಡ್ಡು ಬಿಡುವುದಕ್ಕಿಂತ ನಾಳೆಗೆ ಕೂಡಿಡುವುದನ್ನು ಬಿಡುವುದು ಇನ್ನೂ ಕಷ್ಟ. ಅದನ್ನು ಒಂದು ಪರಡಿ ಅಕ್ಕಿಯಲ್ಲಿ ತೋರಿಸಿದವಳು ಆಕೆ.

ಇನ್ನು ಪುರಂದರದಾಸರು (1484–1564). ಅವರು ಹುಟ್ಟಿದ್ದು ಪುಣೆ ಹತ್ತಿರದ ಪುರಂದರಗಡದಲ್ಲೋ ತೀರ್ಥಹಳ್ಳಿ ಸೀಮೆಯ ಕ್ಷೇಮಪುರದಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಪುಣೆಯ ಕನ್ನಡಿಗರಾದ ನಾವಂತೂ ಸಾಸವಡದ ಮೇಲೆ ಎದ್ದ ಆ ಗುಡ್ಡ ಕಂಡಾಗೆಲ್ಲ ಕೈಮುಗಿಯುತ್ತೇವೆ. ಮೂಗುತಿಯ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಬಡ್ಡಿ ವ್ಯಾಪಾರದ ಶ್ರೀನಿವಾಸ ನಾಯಕ, ಕೊಡುಗೈಯ ಹೆಂಡತಿ ಸರಸ್ವತಿ, ವಿಷದ ಬಟ್ಟಲಿಗೆ ಬಂದು ಬಿದ್ದ ಮೂಗುತಿ. ಆ ಮೇಲೆ ಅವರು ಹಿಡಿದದ್ದು ಮಧುಕರ ವೃತ್ತಿ, ದುಂಬಿ ಹೂವಿಂದ ಹೂವಿಗೆ ಹೋದಂತೆ ಮನೆಮನೆಯಿಂದ ಇಷ್ಟಿಷ್ಟೇ ತರುವುದು. ಬದಲಿಗೆ ಅವರು ಬೀದಿಗೆ ಹಾಡು ಕೊಟ್ಟರು. ಒಂದು ಶತಮಾನ ಬಿಟ್ಟು, ಇಂದ್ರಾಯಣಿ ದಂಡೆಯ ದೇಹುವಿನಲ್ಲಿ ಕಿರಾಣಿ ಅಂಗಡಿಯ ತುಕಾರಾಮರು. ಭೀಕರ ಬರಗಾಲದಲ್ಲಿ ಮನೆ, ವ್ಯಾಪಾರ ಎರಡೂ ಮುರಿದವು. ತಮಗೆ ಬರಬೇಕಾದ ಸಾಲದ ಪತ್ರಗಳನ್ನು ಅವರು ಹೊಳೆಗೆ ಎಸೆದರೆಂದು ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಭಕ್ತರು ಹೇಳುತ್ತಾರೆ. ಒಡಹುಟ್ಟಿದ ತಮ್ಮ ಕಾನ್ಹೋಬಾನ ಪಾಲಿನ ಪತ್ರಗಳನ್ನು ಮಾತ್ರ ಅವನ ಕೈಗೇ ಕೊಟ್ಟರಂತೆ. ಈ ಸಣ್ಣ ವಿವರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತನ್ನದನ್ನು ಬಿಡಬಹುದು, ಇನ್ನೊಬ್ಬರ ಪಾಲಿನದನ್ನು ಅವರ ಪರವಾಗಿ ಬಿಡುವ ಹಕ್ಕು ಯಾರಿಗೂ ಇಲ್ಲ. ಇದನ್ನು ಹುಡುಗನಿಗೆ ಎರಡು ಸಲ ಹೇಳಿದೆ. ಅವನ ಮನೆಯ ಫ್ಲ್ಯಾಟಿನ ಕಂತು ಇನ್ನೂ ಒಂಬತ್ತು ವರ್ಷ ಇದೆ.

ಪುರಂದರದಾಸರು ಇವತ್ತು ತಂಬೂರಿ ಹಿಡಿದು ಪುಣೆಯ ಲಕ್ಷ್ಮೀ ರಸ್ತೆಗೆ ಬಂದರೆ ಏನಾಗುತ್ತದೆ? 1959ರ ಮುಂಬೈ ಭಿಕ್ಷಾಟನೆ ತಡೆ ಕಾಯ್ದೆಯ ಪ್ರಕಾರ ಹಾಡಿ, ಕುಣಿದು, ಕಣಿ ಹೇಳಿ ಕಾಸು ಕೇಳುವುದೂ ಭಿಕ್ಷೆಯೇ. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ, ಬೇಡಿ ಬದುಕುವವರಂತೆ ಸಾರ್ವಜನಿಕ ಜಾಗದಲ್ಲಿ ಅಲೆದಾಡಿದರೂ ಅದೇ ಲೆಕ್ಕ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ ಭಿಕ್ಷುಕರ ಗೃಹದಲ್ಲಿ ಇಡಬಹುದು, ಮತ್ತೆ ಮತ್ತೆ ಸಿಕ್ಕರೆ 10 ವರ್ಷದವರೆಗೆ. ದೆಹಲಿಗೂ ಇದೇ ಕಾಯ್ದೆಯನ್ನು ಅನ್ವಯಿಸಿದ್ದರು. ಬಡತನವನ್ನು ಅಪರಾಧ ಮಾಡಲಾಗದು ಎಂಬ ನೆಲೆಯಲ್ಲಿ 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಆ ತೀರ್ಪು ದೆಹಲಿಗೆ ಮಾತ್ರ. ಮನಸ್ಸಾರೆ ದುಡ್ಡು ಬಿಟ್ಟವನ ಕಾಲಿಗೆ ಬೀಳುವ ನಾವೇ, ದುಡ್ಡೇ ಬಾರದವನನ್ನು ಗಾಡಿಗೆ ತುಂಬುವ ಕಾಯ್ದೆಯನ್ನು ಅರವತ್ತಕ್ಕೂ ಹೆಚ್ಚು ವರ್ಷ ಸುಮ್ಮನೆ ನೋಡುತ್ತ ಬಂದಿದ್ದೇವೆ. ನನಗೆ ಇದು ಸಂಕಟದ ವಿಷಯ.

ಹಳ್ಳಿಯಲ್ಲಿ ದುಡ್ಡಿಲ್ಲದೆ ಚೆನ್ನಾಗಿಯೇ ನಡೆಯುತ್ತಿತ್ತಲ್ಲ ಎಂದು ಹುಡುಗ ಕೇಳಿದ. ನಡೆಯುತ್ತಿತ್ತು. ನಮ್ಮಲ್ಲಿ ಆಯಗಾರರು, ಇಲ್ಲಿ ಬಲುತೇದಾರರು. ಬಡಿಗ, ಕಮ್ಮಾರ, ಹಡಪದ, ಅಗಸ, ಎಲ್ಲರಿಗೂ ಸುಗ್ಗಿಯಲ್ಲಿ ಕಣದಿಂದ ಕಾಳು. ಆದರೆ ಯಾರು ಯಾವ ಕೆಲಸ ಮಾಡಬೇಕು, ಎಷ್ಟು ಕಾಳಿಗೆ, ಕಣದ ಯಾವ ತುದಿಯಲ್ಲಿ ನಿಂತು ಸೆರಗೊಡ್ಡಬೇಕು ಎಂಬುದು ಹುಟ್ಟುವ ಮುಂಚೆಯೇ ಗೊತ್ತಾಗಿರುತ್ತಿತ್ತು. ಅಸ್ಪೃಶ್ಯರೆನಿಸಿದ್ದ ಮಹಾರರ ವತನವೆಂದರೆ ಚೂರು ಭೂಮಿ ಮತ್ತು ಬಲುತೆಯ, ಎಂದರೆ ಕಾಳಿನ ಪಾಲಿನ, ಹೆಸರಲ್ಲಿ ಇಡೀ ಮನೆತನ ಸರ್ಕಾರದ, ಊರಿನ ಚಾಕರಿಗೆ ಹಗಲು ರಾತ್ರಿ ಸಿಕ್ಕಿಬೀಳುವುದು. ಅದನ್ನು ಮುರಿಯಲು ಡಾ. ಅಂಬೇಡ್ಕರ್ 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಮಸೂದೆ ತಂದರು. ವತನ ರದ್ದಾದದ್ದು 1958ರ ಕಾಯ್ದೆಯಿಂದ. ಅಷ್ಟರಲ್ಲಿ ಸಾವಿರಾರು ಮಂದಿ ಊರು ಬಿಟ್ಟು ಮುಂಬೈಯ ಗಿರಣಿ, ಹಡಗುಕಟ್ಟೆ, ರೈಲ್ವೆಗೆ ಬಂದು ನಗದು ಪಗಾರ ಎಣಿಸಿಕೊಂಡಿದ್ದರು. ಅವರ ಕೈಗೆ ಬಂದ ರೂಪಾಯಿಗೆ ಜಾತಿಯ ಹೆಸರು ಬರೆದಿರಲಿಲ್ಲ. ಗೋವಾದ ಝುವಾರಿನಗರದಲ್ಲಿ ಇಟ್ಟಿಗೆ ಹೊರುವ ನಮ್ಮ ಗದಗ, ಕೊಪ್ಪಳದ ಹೆಣ್ಣುಮಗಳಿಗೆ ಸಂಜೆ ಕೈಗೆ ಬೀಳುವ ಕೂಲಿಯೂ ಹಾಗೆಯೇ. ದುಡ್ಡು ಬಂಧನ ಎನ್ನುವ ಮುಂಚೆ ಅವರನ್ನು ಒಂದು ಮಾತು ಕೇಳಬೇಕು.

ಸ್ವತಂತ್ರ ಭಾರತದಲ್ಲಿ ಈ ಪ್ರಯೋಗವನ್ನು ಗಂಭೀರವಾಗಿ ಹಿಡಿದವರು ವಿನೋಬಾ. ಕೊಂಕಣದ ಗಾಗೋದೆಯಲ್ಲಿ 1895ರಲ್ಲಿ ಹುಟ್ಟಿದವರು. 1950ರಲ್ಲಿ ವರ್ಧಾ ಹತ್ತಿರದ ಪವನಾರ್ ಆಶ್ರಮದಲ್ಲಿ 'ಕಾಂಚನ ಮುಕ್ತಿ' ಶುರು ಮಾಡಿದರು. ಹೊರಗಿನ ಹಣದ ನೆರವು ಬೇಡ, ಎತ್ತೂ ಬೇಡ. ರಾಟೆಗೆ ಹೆಗಲು ಕೊಟ್ಟು ಮನುಷ್ಯರೇ ಬಾವಿಯ ನೀರೆತ್ತಿ ಕಾಯಿಪಲ್ಲೆ ಬೆಳೆದರು. ಮರುವರ್ಷ, 1951ರ ಏಪ್ರಿಲ್ 18ರಂದು, ತೆಲಂಗಾಣದ ಪೋಚಂಪಳ್ಳಿಯಲ್ಲಿ ದಲಿತರು 80 ಎಕರೆ ಕೇಳಿದಾಗ ರಾಮಚಂದ್ರ ರೆಡ್ಡಿ 100 ಎಕರೆ ಕೊಡುತ್ತೇನೆಂದು ಎದ್ದು ನಿಂತರು. ಭೂದಾನ ಹುಟ್ಟಿತು. ತಮ್ಮ ಆಶ್ರಮದೊಳಗೆ ದುಡ್ಡು ಬಿಟ್ಟವರು ಅಷ್ಟಕ್ಕೇ ನಿಲ್ಲದೆ ಭೂಮಿಯ ಒಡೆತನವನ್ನೇ ಪ್ರಶ್ನೆ ಮಾಡಿದ್ದು ನನಗೆ ಮುಖ್ಯ. ಅದೇ ವಿನೋಬಾ 1962ರಲ್ಲಿ ಅಣುಬಾಂಬಿನ ವಿರುದ್ಧ ದೆಹಲಿಯಿಂದ ಮಾಸ್ಕೋ, ಪ್ಯಾರಿಸ್, ಲಂಡನ್ ದಾಟಿ ವಾಷಿಂಗ್ಟನ್‌ಗೆ ಹೊರಟ ಸತೀಶ್ ಕುಮಾರ್, ಇ.ಪಿ. ಮೆನನ್ ಎಂಬ ಇಬ್ಬರು ತರುಣರಿಗೆ ಕಾಸು ಒಯ್ಯಬೇಡಿ ಎಂದರು. ದುಡ್ಡಿದ್ದರೆ ಹೋಟೆಲಿಗೆ ಹೋಗಿ ಮಲಗುತ್ತೀರಿ, ಇಲ್ಲದಿದ್ದರೆ ಯಾರದೋ ಬಾಗಿಲು ತಟ್ಟಲೇಬೇಕು, ಆಗ ಮಾತು ಆಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಅವರು ಹೋಗಿ ಮುಟ್ಟಿದರು. ಮೆನನ್ ಮುಂದೆ ಬೆಂಗಳೂರಿನಲ್ಲೇ ನೆಲೆಸಿದರು.

ಹುಡುಗ ಓದಿಕೊಂಡು ಬಂದಿದ್ದ ಮಾರ್ಕ್ ಬಾಯ್ಲ್ ಕೂಡ ಗಾಂಧಿಯ ಪೋರಬಂದರಿಗೆ ಹೊರಟವರೇ. 2008ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಬರಿಗೈಯಲ್ಲಿ ನಡೆದು ಫ್ರಾನ್ಸಿನ ಕಾಲೇ ಬಂದರಿಗೆ ಬಂದರು. ಭಾಷೆ ಬಾರದು, ತಾವೇಕೆ ಹೀಗೆ ಬಂದೆವೆಂದು ಜನರಿಗೆ ತಿಳಿಸಲಾಗದು. ಅಲ್ಲಿಂದಲೇ ತಿರುಗಿದರು. ಆ ವರ್ಷದ ನವೆಂಬರ್‌ನಿಂದ ತೋಟವೊಂದರಲ್ಲಿ ದುಡಿದು, ಅದಕ್ಕೆ ಬದಲಾಗಿ ಜಾಗ ಪಡೆದು, ಹಳೆ ಕ್ಯಾರವಾನಿನಲ್ಲಿ ಮೂರು ವರ್ಷದ ಹತ್ತಿರ ದುಡ್ಡಿಲ್ಲದೆ ಇದ್ದರು. ಜರ್ಮನಿಯ ಹೈಡೆಮರೀ ಶ್ವೆರ್ಮರ್ 1996ರಿಂದ ಕೊನೆವರೆಗೆ, ಅಂದರೆ ಸುಮಾರು 20 ವರ್ಷ, ಇನ್ನೊಬ್ಬರ ಮನೆ ನೋಡಿಕೊಂಡು, ಕೆಲಸ ಮಾಡಿಕೊಟ್ಟು ಬದುಕಿದರು. ಭಾರತದ ಸಾಧುಗಳನ್ನು ಕಂಡುಹೋಗಿದ್ದ ಅಮೆರಿಕದ ಡೇನಿಯಲ್ ಸುಲೋ 2000ರಲ್ಲಿ ದುಡ್ಡು ಬಿಟ್ಟು ಯೂಟಾದ ಗುಹೆಗಳಲ್ಲಿದ್ದರು. 2016ರಲ್ಲಿ ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳಲು ಮತ್ತೆ ದುಡ್ಡು ಹಿಡಿದರು. ಇದನ್ನು ಸೋಲೆಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ಗೋವಾದ ಅಂಜುನಾದಲ್ಲಿ ಹಿಪ್ಪಿಗಳು ತಮ್ಮ ಸಾಮಾನು ಅದಲುಬದಲು ಮಾಡಿಕೊಳ್ಳುತ್ತಿದ್ದ ಸಂತೆ ಈಗ ಅಪ್ಪಟ ವ್ಯಾಪಾರದ ಸಂತೆ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗನ ತಾಯಿ ಹೇಳಿದ್ದು ಒಂದೇ ಹೆಸರು. ವಿಜಯಪುರದವರಿಗೆ ಬೇರೆ ಯಾವ ಹೆಸರು ಬರುತ್ತದೆ? ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಬಿಳಿ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಹೋದರು, ತಮಗೆ ಸ್ಮಾರಕ ಕಟ್ಟಬೇಡಿ ಎಂದು ಬರೆದಿಟ್ಟೇ ಹೋದರು. "ಅವ್ರು ಹೊಲಿಸಿದ್ದ ಅಂಗೀನ ಹಂಗ. ನೀ ಹೊಲಿಸಿದ ಕಿಸೆ ಹರಕೊಳ್ಳಾಕ ಹೊಂಟಿ," ಎಂದರು ಆಕೆ.

ಹುಡುಗ ನೌಕರಿ ಬಿಡಲಿಲ್ಲ, ಸದ್ಯಕ್ಕೆ. ಆದರೆ ಆಷಾಢದಲ್ಲಿ ಜ್ಞಾನೇಶ್ವರ ಮಹಾರಾಜರ ಪಾಲಖಿ ಪುಣೆಯಿಂದ ಹೊರಟಾಗ ಪಾಕೀಟು, ಫೋನು ಮನೆಯಲ್ಲಿಟ್ಟು ವಾರಕರಿಗಳ ಜೊತೆ ಬೆಳಗಿನ ಜಾವಕ್ಕೇ ಹೊರಟ. ದಿವೆ ಘಾಟ್ ಹತ್ತಿ ಸಾಸವಡದವರೆಗೆ. ದಾರಿಯುದ್ದಕ್ಕೂ ಚಹಾ, ಬಾಳೆಹಣ್ಣು, ಪೋಹೆ. ಹಸಿವು ಗೊತ್ತಾಗಲಿಲ್ಲವಂತೆ. ಘಾಟಿನಲ್ಲಿ ಪರಭಣಿ ಕಡೆಯ ಮುದುಕಿಯೊಬ್ಬಳ ಗಂಟನ್ನು ಹೊತ್ತುಕೊಂಡು ಹತ್ತಿದ. ಸಾಸವಡದಲ್ಲಿ ಆಕೆ, ವಾಪಸು ಹೆಂಗ ಹೋಗ್ತಿ ಎಂದು ಕೇಳಿದಳು. ಕೈಯಲ್ಲಿ ಏನೂ ಇಲ್ಲ ಎಂದ. ಆಕೆ ಸೀರೆಯ ಅಂಚಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಹತ್ತರ ನೋಟು ಎರಡು ತೆಗೆದು ಅವನ ಕೈಗಿಟ್ಟಳು.

"ಬ್ಯಾಡ ಅಂದೆ ಕಾಕಾ. ಬೈದ್ಲು. ನನ್ನ ಪಗಾರ ಎಷ್ಟಂತ ಹೇಳಾಕ ಬಾಯಿ ಬರಲಿಲ್ಲ," ಎಂದ. ಆ ನೋಟುಗಳನ್ನು ಖರ್ಚು ಮಾಡದೆ ಹಾಲಿನ ಟ್ರಕ್ಕಿನವನನ್ನು ಕೇಳಿಕೊಂಡು ಹಡಪಸರವರೆಗೆ ಬಂದನಂತೆ. ಮೇಜಿನ ಮೇಲಿಟ್ಟ. ಅವನ ತಾಯಿ ಎರಡನ್ನೂ ಬಿಡಿಸಿ, ಅಂಗೈಯಿಂದ ಒತ್ತಿ ಸಾಪು ಮಾಡಿ, ಮುಂದಿನ ವರ್ಷದ ವಾರಿಗೆ ಆಕೆಯನ್ನು ಹೇಗೆ ಹುಡುಕುವುದು ಎಂದು ನನ್ನನ್ನು ಕೇಳಿದರು.