ಕತ್ತರಿಯಿಂದ ಶುರುವಾದ ಹವ್ಯಾಸ

ಇಂಗ್ಲೆಂಡಿನಲ್ಲಿ ಹಳೆ ಕಾಗದಪತ್ರ ಮಾರುವವರ ಬಳಿ ಒಂದು ವಿಚಿತ್ರ ಸರಕು ಸಿಗುತ್ತದೆ. ಎರಡು ಬೆರಳಗಲದ ಕಾಗದದ ಚೂರು, ಅದರ ಮೇಲೆ ಯಾವನೋ ಬಿಷಪ್ಪನದೋ ಮಂತ್ರಿಯದೋ ಸಹಿ. ಪತ್ರ ಎಲ್ಲಿ? ಇಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯಾರೋ ಸಹಿಯಷ್ಟನ್ನೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಂಡು, ಉಳಿದದ್ದನ್ನು ಎಸೆದಿದ್ದಾರೆ.

ಪಾದ್ರಿಗಳು ಮತ್ತು ರಾಜಕಾರಣಿಗಳು, ಇವರಿಬ್ಬರ ಕೈಬರಹವನ್ನು ಒಟ್ಟಿಗೆ ಕೂಡಿಡುವ ಚಟ ಎಲ್ಲಿಂದ ಬಂತು? ಅಂಚೆ ದರದಿಂದ!

1840ಕ್ಕೆ ಮುಂಚೆ ಅಲ್ಲಿ ಅಂಚೆ ಬಲು ದುಬಾರಿ. ದೂರ ನೋಡಿ, ಹಾಳೆ ಎಣಿಸಿ ದುಡ್ಡು ಹಾಕುತ್ತಿದ್ದರು. ಹೆಚ್ಚಾಗಿ ಅದನ್ನು ಕಾಗದ ಬಂದವರೇ ಕೊಡಬೇಕಿತ್ತು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಹಾಳೆ ಹೋಗಲು ಒಂದು ಶಿಲ್ಲಿಂಗಿಗಿಂತ, ಅಂದರೆ 12 ಪೆನ್ನಿಗಿಂತ ಜಾಸ್ತಿ. ಹಾಳೆ ಉಳಿಸಲು ಜನ ಒಂದು ಸಲ ಪೂರ್ತಿ ಬರೆದು, ಅದನ್ನೇ ಅಡ್ಡ ತಿರುಗಿಸಿ ಬರೆದದ್ದರ ಮೇಲೇ ಮತ್ತೆ ಬರೆಯುತ್ತಿದ್ದರು. ಓದುವವರ ಕಣ್ಣಿನ ಗತಿ ದೇವರೇ ಬಲ್ಲ.

ಸಂಸತ್ತಿನ ಸದಸ್ಯರಿಗೆ ಮಾತ್ರ ಪುಕ್ಕಟೆ, ಕಾಗದದ ಹೊರಗೆ ಅವರ ಸಹಿ ಇದ್ದರಾಯಿತು. ಮೇಲ್ಮನೆಯಲ್ಲಿ ಕೂರುತ್ತಿದ್ದ ಬಿಷಪ್ಪರಿಗೂ ಈ ಸವಲತ್ತು ಇತ್ತು. ದಿನಕ್ಕೆ 10 ಪತ್ರ ಕಳಿಸಬಹುದು, 15 ತರಿಸಿಕೊಳ್ಳಬಹುದು. ಗೆಳೆಯರು, ನೆಂಟರು ಬಿಡುತ್ತಾರಾ? ನಮ್ಮ ಕಾಗದಕ್ಕೂ ಒಂದು ಸಹಿ ಹಾಕಿಕೊಡಿ ಅಂತ ದುಂಬಾಲು ಬಿದ್ದರು. ದುರುಪಯೋಗ ಮಿತಿ ಮೀರಿದಾಗ, 1784ರಲ್ಲಿ ನಿಯಮ ಬಿಗಿಯಾಯಿತು. ವಿಳಾಸ, ಊರು, ತಾರೀಖು ಎಲ್ಲವನ್ನೂ ಸದಸ್ಯನೇ ತನ್ನ ಕೈಯಾರೆ ಬರೆದು ಸಹಿ ಮಾಡಬೇಕು.

ಮೋಸ ತಡೆಯಲು ಮಾಡಿದ ಈ ನಿಯಮವೇ ಹವ್ಯಾಸಿಗಳಿಗೆ ವರವಾಯಿತು. ದೊಡ್ಡವರ ಕೈಬರಹ, ತಾರೀಖಿನ ಸಮೇತ, ಮನೆ ಬಾಗಿಲಿಗೇ ಬಂತು. ಆಗ ಲಕೋಟೆಯ ಬಳಕೆ ಕಡಿಮೆ. ಹಾಳೆಯನ್ನೇ ಮಡಚಿ ಹೊರಗೆ ವಿಳಾಸ ಬರೆಯುತ್ತಿದ್ದರು. ಆ ಭಾಗವನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವುದು ಫ್ಯಾಷನ್ ಆಯಿತು.

1840ರ ಜನವರಿ 10ರಂದು ಆಟ ಮುಗಿಯಿತು. ಅಂಚೆ ಸುಧಾರಕ ರೋಲೆಂಡ್ ಹಿಲ್ ಅವರ ಯೋಜನೆಯಂತೆ ದೇಶದ ಯಾವ ಮೂಲೆಗಾದರೂ ಅರ್ಧ ಔನ್ಸ್ ಪತ್ರಕ್ಕೆ ಒಂದೇ ಪೆನ್ನಿ ಎಂದಾಯಿತು. ಪುಕ್ಕಟೆ ಸವಲತ್ತು ಅಂದೇ ರದ್ದಾಯಿತು. ರಾಣಿಯೂ ತನ್ನದನ್ನು ಬಿಟ್ಟುಕೊಟ್ಟಳು. 1839ರಲ್ಲಿ ಸುಮಾರು 7.6 ಕೋಟಿ ಇದ್ದ ಪತ್ರಗಳ ಸಂಖ್ಯೆ 1840ರಲ್ಲಿ ಸುಮಾರು 16.9 ಕೋಟಿಗೆ ಏರಿತು.

ಹೊರಮೈಯ ಸಹಿ ನಿಂತಿತು. ಕತ್ತರಿ ಈಗ ಪತ್ರದ ಒಳಗೇ ನುಗ್ಗಿತು. ಇನ್ನು ಕೆಲವರು ಹೆಸರಾಂತರಿಗೆ ಸುಮ್ನೆ ಏನಾದರೊಂದು ಕೇಳಿ ಬರೆದು, ಉತ್ತರಕ್ಕೆ ಕಾಯುತ್ತಿದ್ದರು. ಉತ್ತರ ಬರುತ್ತಿತ್ತು ಕೂಡ. ಆ ಕಾಲದ ಪಾದ್ರಿ, ಮಂತ್ರಿಗಳಿಗೆ ಪತ್ರಕ್ಕೆ ಉತ್ತರಿಸುವುದು ಊಟ ಸ್ನಾನದಷ್ಟೇ ನಿತ್ಯದ ಕೆಲಸ.

ನಾಲ್ಕು ಸಲ ಪ್ರಧಾನಿಯಾದ ಗ್ಲಾಡ್‌ಸ್ಟನ್ ಅವರನ್ನೇ ನೋಡಿ. ಬ್ರಿಟಿಷ್ ಲೈಬ್ರರಿಯಲ್ಲಿ ಅವರ ಕಾಗದಪತ್ರಗಳೇ ಸುಮಾರು 750 ಸಂಪುಟ. 1870ರ ಅಕ್ಟೋಬರಿನಲ್ಲಿ, ಅವರದೇ ಸರ್ಕಾರ ಇದ್ದಾಗ, ಅರ್ಧ ಪೆನ್ನಿಯ ಅಂಚೆ ಕಾರ್ಡು ಬಂತು. ಅದು ಅವರಿಗೆ ಬಲು ಇಷ್ಟವಾಯಿತು. ಇಷ್ಟೊಂದು ಬರೆದವರ ಸಾಮಾನ್ಯ ಚೀಟಿಗೆ ಸಂತೆಯಲ್ಲಿ ಭಾರಿ ಬೆಲೆ ಬರುವುದಾದರೂ ಹೇಗೆ?

ಬೆಲೆ ಇರುವುದು ಒಳಗಿನ ಮಾತಿಗೆ, ಕೆಲವೊಮ್ಮೆ ಬರೀ ತಾರೀಖಿಗೆ. ಹೆಸರಾಂತ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಅವರ ಪತ್ರ ಮತ್ತು ದಿನಚರಿಗಳು ಅಚ್ಚಿನಲ್ಲಿ 32 ಸಂಪುಟ ಆಗಿವೆ. ಅವರದೊಂದು ಊಟದ ಆಹ್ವಾನದ ಚೀಟಿ ಸಿಕ್ಕರೆ ಸಂತೋಷ, ಅಷ್ಟೇ. ಆದರೆ 1845ರ ಅಕ್ಟೋಬರ್ 8 ಅಂತ ತಾರೀಖು ಇದ್ದರೆ ಕೈ ನಡುಗಬೇಕು. ಆಂಗ್ಲಿಕನ್ ಚರ್ಚು ಬಿಟ್ಟು ಕ್ಯಾಥೊಲಿಕ್ ಆಗುವ ಹಿಂದಿನ ದಿನ, ಆಕ್ಸ್‌ಫರ್ಡ್ ಬಳಿಯ ಲಿಟಲ್‌ಮೋರ್‌ನಿಂದ ಗೆಳೆಯರಿಗೆಲ್ಲ ಸಾಲಾಗಿ ಪತ್ರ ಬರೆದ ದಿನ ಅದು. ಅಂಥ ಪತ್ರದ ಕೊನೆಯ ಸಹಿಯನ್ನು ಯಾರಾದರೂ ಕತ್ತರಿಸಿದ್ದರೆ? ಯೋಚಿಸಿದರೇ ಸಂಕಟವಾಗುತ್ತದೆ.

ನಕಲಿಯ ಕಾಟ ಇಲ್ಲಿ ಕಡಿಮೆ. 1893ರಲ್ಲಿ ಎಡಿನ್‌ಬರೋದಲ್ಲಿ ಜೈಲಿಗೆ ಹೋದ ಅಲೆಕ್ಸಾಂಡರ್ ಹೌಲಂಡ್ ಸ್ಮಿತ್ ನಕಲು ಮಾಡಿದ್ದು ಬರ್ನ್ಸ್, ಸ್ಕಾಟ್ ಅಂಥ ದೊಡ್ಡ ಸಾಹಿತಿಗಳ ಕೈಬರಹವನ್ನು. ಹಳ್ಳಿ ಪಾದ್ರಿಯ ಮಳೆ, ನೆಗಡಿಯ ಸುದ್ದಿಯನ್ನು ಯಾರು ಕಷ್ಟಪಟ್ಟು ನಕಲು ಮಾಡುತ್ತಾರೆ? ನೋಡಬೇಕಾದ್ದು ಬೇರೆ. ಮಂತ್ರಿಗಳ ಎಷ್ಟೋ ಪತ್ರಗಳಲ್ಲಿ ಸಹಿ ಮಾತ್ರ ಅವರದು, ಬರಹ ಕಾರ್ಯದರ್ಶಿಯದು.

ಇನ್ನೊಂದು ವಿಷಯ. ದುಡ್ಡು ಕೊಟ್ಟರೂ ನಿಮ್ಮದಾಗುವುದು ಕಾಗದ ಮಾತ್ರ. ಮಾತು ಬರೆದವನದೇ ಎಂದು ಅಲ್ಲಿನ ನ್ಯಾಯಾಲಯ 1741ರಲ್ಲೇ ಹೇಳಿತ್ತು. ಆ ಕಾಲದವರ ಎಷ್ಟೋ ಅಪ್ರಕಟಿತ ಪತ್ರಗಳ ಹಕ್ಕುಸ್ವಾಮ್ಯ ಬ್ರಿಟನ್ನಿನಲ್ಲಿ 2039ರ ಕೊನೆಯವರೆಗೂ ಇದೆ.

ಈ ರಾಶಿಯಲ್ಲಿ ನಾನು ಹುಡುಕುವ ಹೆಸರು ಸ್ಟಾಫರ್ಡ್ ನಾರ್ತ್‌ಕೋಟ್. ಒಂದು ಕಾಲಕ್ಕೆ ಗ್ಲಾಡ್‌ಸ್ಟನ್ ಅವರ ಆಪ್ತ ಕಾರ್ಯದರ್ಶಿ, ಆಮೇಲೆ ಎದುರು ಪಕ್ಷದ ಸರ್ಕಾರದಲ್ಲಿ ಭಾರತದ ಆಡಳಿತ ನೋಡುವ ಮಂತ್ರಿ. ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರನಿಗೇ ಮೈಸೂರು ಸಿಗಬೇಕೆಂದು 1867ರ ಏಪ್ರಿಲ್‌ನಲ್ಲಿ ಭಾರತದ ಸರ್ಕಾರಕ್ಕೆ ತಿಳಿಸಿದ್ದು ಇವರೇ. ಅದರಂತೆ 1881ರಲ್ಲಿ ಹತ್ತನೇ ಚಾಮರಾಜ ಒಡೆಯರಿಗೆ ರಾಜ್ಯ ಮರಳಿತು. ಕತ್ತರಿಸಿದ ಸಹಿಯ ಬೆನ್ನಿಗೆ ಒಮ್ಮೊಮ್ಮೆ ಹಿಂದಿನ ಪುಟದ ಅರ್ಧ ಸಾಲು ಉಳಿದಿರುತ್ತದೆ. ನಾರ್ತ್‌ಕೋಟ್ ಸಹಿಯ ಚೂರು ಕೈಗೆ ಬಂದರೆ ನಾನಂತೂ ಸಹಿ ಆಮೇಲೆ ನೋಡುತ್ತೇನೆ, ಮೊದಲು ತಿರುಗಿಸುತ್ತೇನೆ.